ಉಸಿರು ತಾಗದಂತೆ

ಹೊಟ್ಟೆಯಲ್ಲಿ ಮಗುವಿರುವ ಸುದ್ದಿ ಗಂಡನಿಗೆ ಗೊತ್ತಿತ್ತು, ಅಮ್ಮನಿಗೆ ಗೊತ್ತಿತ್ತು, ಕೆಳಮನೆಯ ದರ್ಜಿಗೆ ಯಾರೂ ಹೇಳದೆಯೇ ಗೊತ್ತಾಗಿತ್ತು. ಗೊತ್ತಿಲ್ಲದವನು ಅಪ್ಪನೊಬ್ಬನೇ. ಮಗಳು ಹಟ ಹಿಡಿದಿದ್ದಳು: ಅಪ್ಪ ಒಂದೇ ಒಂದು ಸಲ ತನಗೆ ಮುಖ ಕೊಟ್ಟು ಮಾತಾಡಲಿ, ಆಗ ಹೇಳುತ್ತೇನೆ. ಅಲ್ಲಿಯವರೆಗೆ ಅಮ್ಮನೂ ತುಟಿ ಬಿಚ್ಚಕೂಡದು.

ಹಟಕ್ಕೆ ಕಾರಣವಿತ್ತು. ಬುದ್ಧಿ ಬಂದಾಗಿನಿಂದ ಅವಳು ಕಂಡಿದ್ದು ಅಪ್ಪನ ಎಡಗಿವಿಯನ್ನು. ಶಾಲೆಯ ಅಂಕ ಕೇಳುವಾಗ ಕಿಟಕಿಯ ಕಡೆ ತಿರುಗುತ್ತಿದ್ದ. ಜ್ವರ ಬಂದು ಮಲಗಿದರೆ ಹಣೆ ಮುಟ್ಟಿ, ಗೋಡೆಯನ್ನು ನೋಡಿಕೊಂಡು "ಔಷಧಿ ತಗೊಂಡ್ಯಾ?" ಎನ್ನುತ್ತಿದ್ದ. ಮದುವೆಯ ದಿನ "ಚೆನ್ನಾಗಿರು" ಅಂದಿದ್ದು ತನಗೋ ಪಕ್ಕದ ಹೂಕುಂಡಕ್ಕೋ ಎಂದು ಅವಳಿಗೆ ಈಗಲೂ ಅನುಮಾನ. ಎಲ್ಲರ ಜೊತೆಗೂ ಹೀಗೇ ಆಗಿದ್ದರೆ ಸ್ವಭಾವ ಅಂದುಕೊಳ್ಳಬಹುದಿತ್ತು. ಆದರೆ ಈ ಮಹರಾಯ ತರಕಾರಿಯವನ ಕಣ್ಣಲ್ಲಿ ಕಣ್ಣಿಟ್ಟು ಚೌಕಾಸಿ ಮಾಡುತ್ತಿದ್ದ. ಅದನ್ನು ಕಂಡಾಗಲೆಲ್ಲ ಅವಳ ಹೊಟ್ಟೆ ಉರಿಯುತ್ತಿತ್ತು.

ಅಪ್ಪನ ಕೆಲಸ ಮ್ಯೂಸಿಯಮ್ಮಿನ ನೆಲಮಾಳಿಗೆಯಲ್ಲಿ, ಪತಂಗಗಳ ಜೊತೆ. ರಾತ್ರಿ ದೀಪಕ್ಕೆ ಬಂದು ಬೀಳುತ್ತವಲ್ಲ, ಅವೇ. ಅವನ್ನು ಸೂಜಿಗೆ ಚುಚ್ಚಿ, ಹೆಸರಿನ ಚೀಟಿ ಅಂಟಿಸಿ, ಗಾಜಿನ ಮುಚ್ಚಳದ ಪೆಟ್ಟಿಗೆಗಳಲ್ಲಿಟ್ಟು ಕಾಯುವುದರಲ್ಲೇ ಅವನ ತಲೆ ನೆರೆತಿತ್ತು. ಜನ ಮೇಲಿನ ಆನೆಯ ಅಸ್ಥಿಪಂಜರ ನೋಡಿ ಮನೆಗೆ ಹೋಗುತ್ತಿದ್ದರು. ತಮ್ಮ ಕಾಲ ಕೆಳಗೇ ಇಂಥದ್ದೊಂದು ಲೋಕ ಇದೆಯೆಂದು ಯಾರಿಗೂ ತಿಳಿದಿರಲಿಲ್ಲ. ಹೊಸದಾಗಿ ಬಂದ ನಿರ್ದೇಶಕಿಗೆ ಇದು ಸರಿಬೀಳಲಿಲ್ಲ. ಪ್ರತಿ ಶನಿವಾರ ಉಗ್ರಾಣದ ಪರಿಣತರೊಬ್ಬರು ಏನಾದರೊಂದು ವಸ್ತು ಎತ್ತಿಕೊಂಡು ಮೇಲೆ ಬಂದು, ಜನರೆದುರು ಹತ್ತು ನಿಮಿಷ ಮಾತಾಡಬೇಕೆಂದು ಕಟ್ಟಪ್ಪಣೆ ಮಾಡಿದಳು. ನಾಣ್ಯದವರು ಬಂದು ಹೋದರು, ಮಡಕೆಯವರು ಬಂದು ಹೋದರು. ಈ ಶನಿವಾರ ಅಪ್ಪನ ಸರದಿ.

"ಇಷ್ಟು ವರ್ಷದ ಸಂಸಾರದಲ್ಲಿ ಒಟ್ಟು ಸೇರಿಸಿದ್ರೂ ನಿಮ್ಮಪ್ಪ ಹತ್ತು ನಿಮಿಷ ಮಾತಾಡಿಲ್ಲ," ಎಂದಳು ಅಮ್ಮ. "ನನ್ನ ಮಂಡಿ ಆ ಮೆಟ್ಟಿಲು ಹತ್ತಲ್ಲ. ನೀನು ಹೋಗಿ ಕೇಳ್ಕೊಂಡು ಬಾ. ಹಾಗೇ ವಿಷಯಾನೂ ಹೇಳ್ಬಿಡು. ನನ್ನ ಬಾಯಲ್ಲಿ ಇನ್ನು ನಿಲ್ಲಲ್ಲ ಅದು."

"ಮುಖ ಕೊಟ್ರೆ ಹೇಳ್ತೀನಿ. ಇಲ್ಲಾಂದ್ರೆ ಮಗು ಹುಟ್ಟಿದ್ಮೇಲೆ ಅದನ್ನೇ ಕೇಳ್ಕೊಳ್ಲಿ."

ಮಗಳು ಹೋಗಿ ಕಂಬದ ಹಿಂದಿನ ಕುರ್ಚಿ ಹಿಡಿದಳು. ಅಲ್ಲಿಂದ ಅವಳಿಗೆ ಅಪ್ಪ ಕಾಣುತ್ತಿದ್ದ, ಅಪ್ಪನಿಗೆ ಅವಳು ಕಾಣುತ್ತಿರಲಿಲ್ಲ. ಬಂದವರಲ್ಲಿ ಅರ್ಧ ಜನ ಫ್ಯಾನಿನ ಗಾಳಿಗೆ ಬಂದವರು. ಮುಂದಿನ ಸಾಲಿನಲ್ಲೊಬ್ಬ ಅಜ್ಜಿ ಸ್ವೆಟರ್ ಹೆಣೆಯುತ್ತಾ ಕೂತಿದ್ದಳು.

ಅಪ್ಪ ಗಾಲಿಮೇಜು ತಳ್ಳಿಕೊಂಡು ಬಂದ. ಪೆಟ್ಟಿಗೆಯ ಗಾಜು ತೆಗೆದು ಪಕ್ಕಕ್ಕಿಟ್ಟ. ಒಳಗೆ ಅಕ್ಕಿಕಾಳಿಗಿಂತ ಸಣ್ಣ ಪತಂಗಗಳು, ಸಾಲು ಸಾಲು. ಗಂಟಲು ಸರಿಮಾಡಿಕೊಂಡು, ಕತ್ತನ್ನು ಪೂರಾ ಪಕ್ಕಕ್ಕೆ ತಿರುಗಿಸಿ, ಗೋಡೆಗೆ ಭಾಷಣ ಶುರುಮಾಡಿದ.

ಮಗಳಿಗೆ ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ಮನೆಯ ಮಾನ ಮನೆಯಲ್ಲೇ ಉಳಿದಿತ್ತು, ಈಗ ಊರ ಮುಂದೆ ಹೋಯಿತು. ಗೋಡೆಗೆ ಅಪ್ಪ ಹೇಳುತ್ತಿದ್ದ: ಪತಂಗಗಳಲ್ಲಿ ಕೆಲವಕ್ಕೆ ರೆಕ್ಕೆ ಬಂದ ಮೇಲೆ ಬಾಯೇ ಇರುವುದಿಲ್ಲ, ಉಣ್ಣದೆ ಮಾತಿಲ್ಲದೆ ಬದುಕಿ ಮುಗಿಸುತ್ತವೆ. ಇವನ ನೆಂಟರೇ ಇರಬೇಕು, ಅಂದುಕೊಂಡಳು.

ಅಜ್ಜಿಗೆ ತಡೆಯಲಾಗಲಿಲ್ಲ. "ಏನ್ರೀ, ಗೋಡೆಗೆ ಪಾಠ ಹೇಳ್ತಿದೀರಾ? ನಾವು ಈ ಕಡೆ ಇದೀವಿ!"

ಎಲ್ಲರೂ ನಕ್ಕರು. ಅಪ್ಪ ತಬ್ಬಿಬ್ಬಾದ. ಆಮೇಲೆ ಗಾಜನ್ನೆತ್ತಿ ಪೆಟ್ಟಿಗೆಯ ಮೇಲೆ ಮುಚ್ಚಿದ. ಮುಚ್ಚಿದ್ದೇ ತಡ, ಕತ್ತು ತಾನಾಗಿಯೇ ನೆಟ್ಟಗಾಯಿತು.

"ಕ್ಷಮಿಸಿ ತಾಯಿ. ಇದು ನಮ್ಮ ಕಸುಬಿನ ಚಾಳಿ. ಇವುಗಳ ರೆಕ್ಕೆ ಅಂದ್ರೆ ಬರೀ ಪುಡಿ. ಜೋರಾಗಿ ಉಸಿರು ಬಿಟ್ರೂ ಹಾರಿಹೋಗುತ್ತೆ. ನಮ್ಮ ಹಿರಿಯರೊಬ್ಬರು ಒಂದ್ಸಲ ಸೀನಿದ್ರು, ಎರಡು ಪತಂಗದ ಮೀಸೆ ಹೋಯ್ತು. ರಿಟೈರ್ ಆಗೋವರೆಗೂ ಅವರನ್ನ ಸೀನಪ್ಪ ಅಂತಾನೇ ಕರೀತಿದ್ವಿ. ಅದಕ್ಕೇ ಗಾಜು ತೆಗೆದಾಗ ಮುಖ ಪಕ್ಕಕ್ಕಿಟ್ಟೇ ಮಾತಾಡ್ಬೇಕು ಅಂತ ಮೊದಲ ದಿನವೇ ಕಲಿಸ್ತಾರೆ."

"ಮನೇಲೂ ಹೀಗೇನಾ?" ಅಜ್ಜಿ ಬಿಡಲಿಲ್ಲ.

ಅಪ್ಪ ಗಾಜಿನ ಅಂಚನ್ನು ಬೆರಳಲ್ಲಿ ಸವರಿದ.

"ನನ್ನ ಮಗಳು ಹುಟ್ಟಿದಾಗ, ತಾಯಿ, ಆ ಕಿರುಬೆರಳಿನ ಉಗುರು ನೋಡ್ಬೇಕಿತ್ತು ನೀವು. ಅಷ್ಟು ಸಣ್ಣದನ್ನ ನಾನು ಸೂಜಿ ಇಲ್ದೆ ನೋಡೇ ಇರ್ಲಿಲ್ಲ. ತೊಟ್ಟಿಲ ಹತ್ರ ಹೋದ್ರೆ ಉಸಿರಾಡೋಕೂ ಭಯ, ಕತ್ತು ತಂತಾನೇ ತಿರುಗೋದು. ಅವಳು ದೊಡ್ಡೋಳಾದ್ಲು, ಓದಿದ್ಲು, ಮದುವೆ ಆದ್ಲು. ಈ ದರಿದ್ರ ಕತ್ತಿಗೆ ಮಾತ್ರ ಅದು ಗೊತ್ತೇ ಆಗ್ಲಿಲ್ಲ."

ಜನ ಮತ್ತೆ ನಕ್ಕರು. ಕಂಬದ ಹಿಂದೆ ಮಗಳು ಸೆರಗಿನಿಂದ ಕಣ್ಣೊರೆಸಿಕೊಂಡಳು, ಸಾಲಲಿಲ್ಲ. ಎಷ್ಟು ವರ್ಷದ ಸಿಟ್ಟು! ಈಗ ಅದನ್ನೆಲ್ಲಿ ಇಡುವುದೆಂದೇ ಅವಳಿಗೆ ತಿಳಿಯಲಿಲ್ಲ. ಒಂದು ಮಾತು ಬಾಯಿಬಿಟ್ಟು ಕೇಳಿದ್ದರೆ ಆಗುತ್ತಿತ್ತು. ಅವಳೂ ಕೇಳಿರಲಿಲ್ಲ.

ಕುರ್ಚಿಗಳು ಖಾಲಿಯಾದವು. ಅಜ್ಜಿ ನೂಲಿನುಂಡೆ ಚೀಲಕ್ಕೆ ತುರುಕಿಕೊಂಡು ಎದ್ದು ಹೋದಳು. ಮಗಳು ಮೇಜಿನ ಹತ್ತಿರ ಬಂದಳು.

ಅಪ್ಪ ಬೆಚ್ಚಿದ. "ನೀನ್ಯಾವಾಗ ಬಂದೆ? ಅಮ್ಮನ ಮಂಡಿ ಹೇಗಿದೆ?" ಎಂದು ಗೋಡೆಯನ್ನು ಕೇಳಿದ.

ಅವಳು ಮೇಜು ಬಳಸಿ ಹೋಗಿ ಗೋಡೆಗೂ ಅಪ್ಪನಿಗೂ ನಡುವೆ ನಿಂತಳು. ಅಪ್ಪನ ಕತ್ತು ಇನ್ನೊಂದು ಕಡೆ ಹೊರಳಿತು. ಅವಳು ಅಲ್ಲಿಗೂ ಹೋದಳು.

"ಅಪ್ಪ, ನಾನೇನು ಪುಡಿ ಆಗಿ ಉದುರಲ್ಲ. ನೋಡು ಈ ಕಡೆ."

ಅಪ್ಪ ನೋಡಿದ. ಅವನ ಬಲಹುಬ್ಬಿನ ಕೂದಲಲ್ಲಿ ಹತ್ತಿರದಿಂದಷ್ಟೇ ಕಾಣುವಂಥ ಸಣ್ಣ ಮಚ್ಚೆಯಿತ್ತು. ಅವಳ ಹುಬ್ಬಿನಲ್ಲೂ ಅದೇ ಜಾಗದಲ್ಲಿ ಅಂಥದೇ ಮಚ್ಚೆಯಿತ್ತು. ಅದು ಯಾರಿಂದ ಬಂತೆಂದು ಅವಳಿಗೆ ಇವತ್ತು ಗೊತ್ತಾಯಿತು.

"ನೀನು ತಾತ ಆಗ್ತಿದೀಯ," ಎಂದಳು.

ಅಪ್ಪನ ಬಾಯಿ ತೆರೆಯಿತು. ಉಸಿರು ಅಲ್ಲೇ ಕಟ್ಟಿತು. ಕಣ್ಣುಗಳು ಅವಳ ಹೊಟ್ಟೆಯ ಕಡೆಗಿಳಿದವು, ಹಳೆಯ ಚಾಳಿಯ ಕತ್ತು ಮೆಲ್ಲಗೆ ಗೋಡೆಯತ್ತ ತಿರುಗತೊಡಗಿತು. ಅರ್ಧಕ್ಕೆ ಬಂದಾಗ ಅಪ್ಪ ಕೈಯೆತ್ತಿ ತನ್ನ ಗದ್ದವನ್ನು ತಾನೇ ಹಿಡಿದು, ಮಗಳ ಮುಖದೆದುರಿಗೆ ವಾಪಸ್ಸು ತಂದ. ಹಿಡಿದ ಗದ್ದವನ್ನು ಬಿಡಲಿಲ್ಲ.

"ಇನ್ನೊಂದ್ಸಲ ಹೇಳು," ಎಂದ.