ಕುರ್ಚಿಯ ಮೇಲಿನ ಕರಿಯ ಕೋಟು

ಕೋಲ್ಕತ್ತದ ಕಾಗೆಗಳೂ ನೆರಳು ಹುಡುಕಿ ಬಾಯ್ತೆರೆದು ಕೂರುವ ವೈಶಾಖದ ಸೆಖೆಯಲ್ಲಿ, ಸದರ್ನ್ ಅವೆನ್ಯೂವಿನ ಮರಗಳ ಕೆಳಗೆ, ತೋಳಿನ ಮೇಲೆ ಉಣ್ಣೆಯ ಕರಿಯ ಕೋಟೊಂದನ್ನು ಮಡಚಿ ಹಾಕಿಕೊಂಡು ಬಲಮೊಣಕೈಯನ್ನು ತುಸು ಹೊರಗೆ ಚಾಚಿ ಬಿರಬಿರನೆ ನಡೆದುಹೋಗುತ್ತಿದ್ದ ಹೆಂಗಸನ್ನು ನಮ್ಮ ಓಣಿಯವರು ವರುಷಗಟ್ಟಲೆ ನೋಡಿದ್ದಾರೆ. ಎದುರಿಗೆ ಜನಸಂದಣಿ ಇರಲಿ, ಬಿಡಲಿ, ಅವರ ನಡಿಗೆ ಮಾತ್ರ ಗಾಡಿ ಬಂದು ನಿಂತ ಪ್ಲಾಟ್‌ಫಾರ್ಮಿನದು. ಮೊದಮೊದಲು ಅವರನ್ನು ವಕೀಲರೆಂದು ತಿಳಿದು, ಅಲಿಪುರದ ಕೋರ್ಟಿನಲ್ಲಿ ತನಗೊಂದು ಕೆಲಸವಾಗಬೇಕಾಗಿದೆ ಎಂದು ಮೂಲೆಯ ಮಿಠಾಯಿ ಅಂಗಡಿಯವನು ಎರಡು ಸಂದೇಶ್ ಹೆಚ್ಚಾಗಿಯೇ ಕಟ್ಟಿಕೊಟ್ಟಿದ್ದನಂತೆ.

ರೇಣುಕಾ ವಕೀಲರಲ್ಲ. ಸಾಲ್ಟ್ ಲೇಕಿನ ಸೆಕ್ಟರ್ ಫೈವಿನಲ್ಲಿ, ಆ ದಿನಗಳಲ್ಲಿ ತಿಂಗಳಿಗೊಂದರಂತೆ ಗಾಜಿನ ಮೈ ಹೊತ್ತು ಏಳುತ್ತಿದ್ದ ಕಟ್ಟಡಗಳ ಪೈಕಿ ಒಂದರಲ್ಲಿ, ಬೇರೆಯವರು ಬರೆದ ಕಂಪ್ಯೂಟರ್ ಪ್ರೋಗ್ರಾಮುಗಳಲ್ಲಿ ತಪ್ಪು ಹುಡುಕುವ ವಿಭಾಗದ ಮುಖ್ಯಸ್ಥೆ. ಆ ವಿಭಾಗವನ್ನು ಕಟ್ಟಿದವರೇ ಅವರು. ಧಾರವಾಡದ ಹೆಣ್ಣುಮಗಳು, ಗಂಡ ಅರವಿಂದರಾಯರ ಕೇಂದ್ರ ಸರಕಾರದ ನೌಕರಿಯ ಬೆನ್ನು ಹತ್ತಿ ಈ ಊರಿಗೆ ಬಂದು, ನಮ್ಮ ಮನೆಯ ಮೇಲಿನ ಅಂತಸ್ತಿನಲ್ಲಿ ನೆಲೆಯಾದವರು. ಕಚೇರಿಯ ಹುಡುಗ ಹುಡುಗಿಯರಿಗೆ ಅವರು ರೇಣುಕಾದಿ, ಎಂದರೆ ರೇಣುಕಕ್ಕ; ನಮಗೆ ರೇಣುಕಾಬಾಯಿ. ಯಾರು ಎಂಥ ದುಃಖವನ್ನು ತೋಡಿಕೊಂಡರೂ ಪೂರ್ತಿ ಕೇಳಿ, “ಆತಲ್ಲ, ಮುಂದ?” ಎನ್ನುವುದು ಅವರ ಮಾತಿನ ಚಾಳಿ. ಕಲ್ಲುಮನಸ್ಸಿನವರೆಂದು ಕೆಲವರು ಮುನಿಸಿಕೊಂಡದ್ದುಂಟು. ಮುನಿಸು ಇಳಿದ ಮೇಲೆ ಅದೇ ಜನ ಮತ್ತೆ ಅವರ ಬಾಗಿಲನ್ನೇ ತಟ್ಟುತ್ತಿದ್ದರು.

ಕೋಟು ಅವರ ತಂದೆ ರಂಗನಾಥರಾಯರದು. ಅವರು ಹುಬ್ಬಳ್ಳಿಯಲ್ಲಿ ರೈಲ್ವೆಯ ಟಿಕೆಟ್ ತಪಾಸಣೆಯ ನೌಕರಿಯಲ್ಲಿದ್ದವರು. ಮಗಳು ಎಂಬತ್ತರ ದಶಕದಲ್ಲಿ ಇಲ್ಲಿಯ ಒಂದು ದೊಡ್ಡ ಸಂಸ್ಥೆಯ ಕಂಪ್ಯೂಟರ್ ಕೋಣೆಗೆ ಸೇರಿದಾಗ, ಆ ಯಂತ್ರಕ್ಕೆ ಮಾವನ ಮನೆಗೆ ಬಂದ ಹೊಸ ಅಳಿಯನ ಉಪಚಾರ. ಅದು ಬೆವರಬಾರದೆಂದು ಇಡೀ ಕೋಣೆಯನ್ನು ಕೊರೆಯುವ ತಂಪಿನಲ್ಲಿ ಇಟ್ಟಿರುತ್ತಿದ್ದರು. ಚಳಿಗೆ ಬೆರಳು ಮರಗಟ್ಟುತ್ತವೆ ಎಂದು ಮಗಳು ಬರೆದದ್ದೇ ತಡ, ಆಗಷ್ಟೇ ನಿವೃತ್ತರಾಗಿದ್ದ ರಾಯರು ತಮ್ಮ ಕೋಟನ್ನು ಒಗೆಸಿ ಪಾರ್ಸೆಲ್ ಮಾಡಿದರು. ತೋಳು ಎರಡು ಮಡಿಕೆ ಉದ್ದ, ಎದೆಯ ಮೇಲೆ ಹೆಸರಿನ ಪಟ್ಟಿ ಚುಚ್ಚಿದ ತೂತುಗಳು. ರೇಣುಕಾ ಅದನ್ನು ಕತ್ತರಿಸಿ ಹೊಲಿಸಲೇ ಇಲ್ಲ. ಸೆಕ್ಟರ್ ಫೈವಿನ ಕಚೇರಿಯೂ ಹಾಗೆಯೇ ಕೊರೆಯುತ್ತಿತ್ತಾದ್ದರಿಂದ ಕೋಟು ಅಲ್ಲಿಗೂ ಬಂತು. ಹೊಸದಾಗಿ ಸೇರಿದ ಹುಡುಗನೊಬ್ಬ, ಬೆನ್ನ ಹಿಂದೆ ಬಂದು ನಿಂತ ಆ ಕರಿಯ ಕೋಟನ್ನು ಕಂಡವನೇ ದಡಬಡಿಸಿ ಎದ್ದು ಟಿಕೆಟಿಗಾಗಿ ಜೇಬು ತಡಕಾಡಿದ ಕತೆಯನ್ನು ಹೇಳುವಾಗ ರೇಣುಕಾಬಾಯಿಗೆ ನಗು ತಡೆಯುತ್ತಿರಲಿಲ್ಲ.

ಆ ಮೊದಲ ಕಂಪ್ಯೂಟರ್ ಕೋಣೆಯಲ್ಲಿ ಅವರು ಬಹಳ ದಿನ ಉಳಿಯಲಿಲ್ಲ. ಹೆರಿಗೆಗೆಂದು ಹೋದರು, ಕೂಸಿಗೆ ಮೈಯಲ್ಲಿ ಹುಷಾರಿಲ್ಲದೆ ರಜೆ ಬೆಳೆಯಿತು, ಮರಳಿ ಬಂದಾಗ ಅವರ ಕುರ್ಚಿಯಲ್ಲಿ ಬೇರೊಬ್ಬರು ಕುಳಿತಿದ್ದರು. ಯಾರೂ ಗದರಲಿಲ್ಲ, ಯಾರೂ ಹೊರಗೆ ಹಾಕಲಿಲ್ಲ. ಎಲ್ಲರೂ ನಯವಾಗಿ, ಸ್ವಲ್ಪ ದಿನ ತಡೆಯಿರಿ ಎಂದರು. ಆ ಸ್ವಲ್ಪ ದಿನ ರೇಣುಕಾ ಗೋಡೆಗೆ ಒರಗಿ, ಕಿಟಕಿಗೆ ಒರಗಿ, ಯಾರಾದರೂ ಚಹಾಕ್ಕೆ ಎದ್ದರೆ ಅವರ ಜಾಗದಲ್ಲಿ ಅರೆಗಳಿಗೆ ಕುಳಿತು ಕಳೆದರು. ಆಮೇಲೆ ಟಪಾಲು ವಿಭಾಗಕ್ಕೆ ಕಳಿಸಿದರು. ಶತಮಾನ ತಿರುಗುವ ಹೊತ್ತಿಗೆ ಹಳೆಯ ಪ್ರೋಗ್ರಾಮುಗಳೆಲ್ಲ ಕೆಟ್ಟು ನಿಲ್ಲುತ್ತವೆಂಬ ಗಾಬರಿ ಎದ್ದು, ಹಳೆಯ ಕಂಪ್ಯೂಟರ್ ಭಾಷೆ ಬಲ್ಲವರನ್ನು ದೀಪ ಹಚ್ಚಿಕೊಂಡು ಹುಡುಕುವ ಕಾಲ ಬರುವ ತನಕ, ಯೌವನದ ಒಳ್ಳೆಯ ವರುಷಗಳನ್ನೆಲ್ಲ ಅವರು ಲಕೋಟೆ ಅಂಟಿಸುತ್ತ ಕಳೆದರು. ಇದನ್ನು ಹೇಳುವಾಗ ಮಾತ್ರ ಅವರ ಬಾಯಿಂದ “ಆತಲ್ಲ, ಮುಂದ?” ಬರುತ್ತಿರಲಿಲ್ಲ.

ತಪ್ಪು ಹುಡುಕುವ ಅವರ ರೀತಿಯೂ ಬೇರೆಯೇ. ಉಳಿದವರು ಜಾಣರ ಹಾಗೆ ಪ್ರೋಗ್ರಾಮನ್ನು ಪರೀಕ್ಷಿಸಿದರೆ, ಇವರು ನೂರೆಂಟು ಕೆಲಸಗಳ ನಡುವೆ ಕಂಪ್ಯೂಟರ್ ಮುಂದೆ ಕುಳಿತ ಗೃಹಿಣಿಯಂತೆ ಪರೀಕ್ಷಿಸುವರು. ಅರ್ಧ ವಿವರ ತುಂಬಿ ಎದ್ದುಹೋಗುವರು. ಕಾರಿಡಾರಿನಲ್ಲಿ ಒಂದು ಸುತ್ತು ಹಾಕಿ ಬಂದು, ಬಿಟ್ಟಲ್ಲಿಂದ ಮುಂದುವರಿಸಲು ನೋಡುವರು. ಪ್ರೋಗ್ರಾಮು ಮೊದಲಿನಿಂದ ಶುರುಮಾಡು ಎಂದಿತೋ, ಅದನ್ನು ಬರೆದವನಿಗೆ ಗ್ರಹಚಾರ.

“ಹಾಲು ಉಕ್ಕಿತು ಅಂತ ಎದ್ದು ಹೋದಾಕಿ ತಿರುಗಿ ಬಂದ್ರ, ಯಾರವ್ವಾ ನೀ ಅಂತ ಕೇಳಬಾರದು. ಗುರುತ ಹಿಡೀಬೇಕು. ಎಲ್ಲಿಗೆ ಬಿಟ್ಟಿದ್ಲೋ ಅಲ್ಲಿಂದ ಮುಂದ ಕರಕೊಂಡು ಹೋಗಬೇಕು,” ಎಂದು ನಮ್ಮ ಮನೆಯ ಊಟದ ಮೇಜಿನ ಮೇಲೆ ಬೆರಳಿನಿಂದ ಗೆರೆ ಎಳೆದು ಅವರು ವಿವರಿಸುತ್ತಿದ್ದರು. ಹೊರದೇಶದ ಗಿರಾಕಿಗಳು ಇವರ ವಿಭಾಗದ ಒಪ್ಪಿಗೆಯಿಲ್ಲದೆ ಯಾವುದನ್ನೂ ಮುಟ್ಟುವುದಿಲ್ಲ ಎನ್ನುವಷ್ಟು ಹೆಸರು ಬಂದದ್ದು ಈ ಒಂದು ಹಟದಿಂದ.

ಆ ವಿಭಾಗದಲ್ಲಿ ಚಿನ್ಮಯಿ ಇದ್ದಳು. ಮೈಸೂರು ಕಡೆಯಿಂದ ಬಂದು ರೈಲ್ವೆ ಲೆಕ್ಕಪತ್ರದಲ್ಲಿದ್ದ ರಾಜಗೋಪಾಲರ ಮಗಳು. ಇಲ್ಲಿಯೇ ಬೆಳೆದವಳಾದ್ದರಿಂದ ಅವಳ ಕನ್ನಡ ಹತ್ತು ಹೆಜ್ಜೆಗೊಮ್ಮೆ ಇಂಗ್ಲಿಷಿನ ಕೈ ಹಿಡಿಯುತ್ತಿತ್ತು. ಬುದ್ಧಿಯಲ್ಲಿ ಚುರುಕು, ರೇಣುಕಾಬಾಯಿ ತಮ್ಮ ವಿದ್ಯೆಯನ್ನೆಲ್ಲ ಅವಳಿಗೆ ಧಾರೆಯೆರೆದಿದ್ದರು. ಅವಳ ಮಗು ದಿನ ತುಂಬುವ ಮುನ್ನವೇ ಹುಟ್ಟಿತು. ಸಂಬಳದ ರಜೆಯ ಮೂರು ತಿಂಗಳು ಆಸ್ಪತ್ರೆಗೇ ಸಾಲದೆ ಹೋಯಿತು. ಸಂಬಳವಿಲ್ಲದೆ ಇನ್ನಷ್ಟು ರಜೆ ಬೇಕೆಂದು ಅವಳು ಕೇಳಿದಳು.

ಅದು ಕಂಪನಿಗಳಿಗೆ ಕೆಲಸ ಸಿಕ್ಕರೂ ಕೂರಿಸಲು ಜಾಗ ಸಿಗದಿದ್ದ ಕಾಲ. ಕುರ್ಚಿ ಹೋಯಿತೆಂದರೆ ಪಟ್ಟಿಯಲ್ಲಿನ ಹೆಸರು ಹೋಯಿತು, ಹೆಸರು ಹೋಯಿತೆಂದರೆ ನೌಕರಿ. ಮೇಲಧಿಕಾರಿ ಪ್ರದೀಪಬಾಬು ಕೆಟ್ಟವರಲ್ಲ. ಅಲಿಪುರದಿಂದ ಕಾರಿನಲ್ಲಿ ಬಂದು ಕಾರಿನಲ್ಲಿ ಹೋಗುವ ಸೌಮ್ಯ ಮನುಷ್ಯ. ಸೋಮವಾರ ಹೊಸ ಹುಡುಗ ಬರುತ್ತಾನೆ, ಚಿನ್ಮಯಿ ಈಗ ರಾಜೀನಾಮೆ ಕೊಡಲಿ, ಮಗು ದೊಡ್ಡದಾದ ಮೇಲೆ ನೋಡೋಣ, ಪ್ರತಿಭೆ ಎಲ್ಲಿಗೆ ಹೋಗುತ್ತದೆ ಎಂದರು. ಪ್ರತಿಭೆ ಎಲ್ಲಿಗೆ ಹೋಗುತ್ತದೆಂಬುದನ್ನು ಟಪಾಲು ವಿಭಾಗದಲ್ಲಿ ಕಂಡು ಬಂದಿದ್ದ ರೇಣುಕಾಬಾಯಿ ಎದ್ದುಹೊರಟರು. ತಮ್ಮ ಸ್ಥಳಕ್ಕೆ ಬಂದು, ಕೋಟು ಕಳಚಿ, ಚಿನ್ಮಯಿಯ ಕುರ್ಚಿಗೆ ತೊಡಿಸಿ, ಎರಡೂ ತೋಳುಗಳನ್ನು ಮುಂದಕ್ಕೆ ಇಳಿಬಿಟ್ಟರು.

ಸಂಜೆ ಕುರ್ಚಿಯನ್ನು ತೆರವು ಮಾಡಲು ಪ್ರದೀಪಬಾಬು ಇಬ್ಬರಿಗೆ ಹೇಳಿದರು. ಇಬ್ಬರೂ ಹೋಗಿ, ಕೋಟನ್ನು ನೋಡಿ, ತಲೆ ಕೆರೆದುಕೊಂಡು ಮರಳಿದರು. ಮೂರನೆಯವನೂ ಅದನ್ನೇ ಮಾಡಿದ. ಒಂದು ಕೋಟು ಎತ್ತಿಡಲು ಎಷ್ಟು ಜನ ಬೇಕೆಂದು ಸಾಹೇಬರು ರೇಗಿದಾಗ ಆತ ಮೆಲ್ಲಗೆ ಹೇಳಿದ: “ದಾದಾ, ಅದು ಹಿಡಿದಿಟ್ಟ ಸೀಟು.” ಆ ಮೂವರೂ ಸಿಯಾಲ್ದಾ ನಿಲ್ದಾಣದಿಂದ ಲೋಕಲ್ ರೈಲು ಹಿಡಿದು ದೂರದ ಊರುಗಳಿಗೆ ಹೋಗುವವರು. ಸಂಜೆಯ ಗಾಡಿ ಬಂದು ನಿಲ್ಲುವ ಮೊದಲೇ ಕಿಟಕಿಯೊಳಗೆ ಕರವಸ್ತ್ರ ಎಸೆದು ಜಾಗ ಹಿಡಿಯುವ ಆ ಪ್ರಪಂಚದಲ್ಲಿ, ಬೇರೆಯವರ ಕರವಸ್ತ್ರವನ್ನು ಎತ್ತುವವನಿಗಿಂತ ನೀಚನಿಲ್ಲ. ಲೋಕಲ್ ಹತ್ತದ ಪ್ರದೀಪಬಾಬುಗಳಿಗೆ ಇದು ಅರ್ಥವಾಗದೆ, ಅವರು ನೇರವಾಗಿ ರೇಣುಕಾಬಾಯಿಯ ಬಳಿ ಬಂದರು. ಆಗ ರೇಣುಕಾಬಾಯಿ ತಮ್ಮ ತಂದೆಯ ಮಾತನ್ನೇ ಹೇಳಿದರಂತೆ. ಜನರಲ್ ಬೋಗಿಯಲ್ಲಿ ಟವೆಲ್ ಹಾಸಿದ ಜಾಗದಲ್ಲಿ ಯಾರಾದರೂ ಕೂರಲು ಹೋದರೆ ರಂಗನಾಥರಾಯರು ತಡೆದು ಹೇಳುತ್ತಿದ್ದ ಮಾತು: “ನೀರು ಕುಡೀಲಿಕ್ಕೆ ಇಳದಾರ. ಬರ್ತಾರ.”

“ಹೊಸ ಹುಡುಗ ಎಲ್ಲಿ ಕೂರಬೇಕು?”

“ನನ್ನ ಕುರ್ಚಿಯಲ್ಲಿ,” ಎಂದರು ರೇಣುಕಾಬಾಯಿ.

ಸೋಮವಾರದಿಂದ ಆ ವಿಭಾಗದ ಮುಖ್ಯಸ್ಥೆ, ಐವತ್ತು ದಾಟಿದ ಹೆಂಗಸು, ಕಿಟಕಿಯ ಪಕ್ಕದ ಮೋಟು ಬೀರುವಿನ ಮೇಲೆ ಕಂಪ್ಯೂಟರ್ ಇಟ್ಟುಕೊಂಡು ನಿಂತೇ ಕೆಲಸ ಮಾಡಿದರು. ಪ್ರದೀಪಬಾಬು ಸಂಕೋಚದಿಂದ ತಮ್ಮದೇ ಕುರ್ಚಿಯನ್ನು ಕಳಿಸಿದರೆ, ಅದನ್ನು ಒರೆಸಿ ವಾಪಸು ಕಳಿಸಿದರು. ಕೋಟಿಲ್ಲದ ಮೈ ನಡುಗುತ್ತಿತ್ತು. ಯಾರೋ ಬಂಗಾಳಿಗಳಿಗೆ ಪ್ರಾಣಪ್ರಿಯವಾದ, ಕಿವಿ ಮುಚ್ಚುವ ಮಂಗನ ಟೋಪಿ ತಂದುಕೊಟ್ಟರು. ಒಂದು ದಿನ ಹಾಕಿಕೊಂಡು, ಫೋನು ಕೇಳಿಸುವುದಿಲ್ಲವೆಂದು ತೆಗೆದಿಟ್ಟರು. ಸಂಜೆ ಮೆಟ್ಟಿಲು ಹತ್ತುವಾಗ ಮೊಣಕಾಲು ಹಿಡಿದು ನಮ್ಮ ಬಾಗಿಲಲ್ಲಿ ಕೂತುಬಿಡುವರು. ಹೀಗೇ ಒಂದು ದಿನ, ಚಿನ್ಮಯಿಗೆ ಫೋನು ಮಾಡಿದ್ದಾಗಿ ಹೇಳಿದರು. “ಆಂಟಿ, ಪ್ರಾಮಿಸ್ ಮಾಡಕ್ಕಾಗಲ್ಲ, ಮಗೂದು ವೇಟ್ ಇನ್ನೂ ಬಂದಿಲ್ಲ,” ಎಂದು ಆ ಹುಡುಗಿ ಅತ್ತಳಂತೆ. ತಾವು ನಿಂತಿರುವ ಸಂಗತಿಯನ್ನು ಇವರು ಅವಳಿಗೆ ಹೇಳಿರಲಿಲ್ಲ. ಕಚೇರಿಯವರ ಬಾಯನ್ನೂ ಕಟ್ಟಿದ್ದರು.

“ಬರದಿದ್ದರೆ?” ಎಂದು ನನ್ನ ಹೆಂಡತಿ ಕೇಳಿಯೇಬಿಟ್ಟಳು.

“ನನ್ನ ನೋಡಿ ನಗ್ತಾರ. ನಗಲಿ. ಆದ್ರ ಇನ್ನ ಮುಂದ ಯಾವ ಹುಡುಗಿ ಬಾಣಂತನಕ್ಕ ಹೋದ್ರೂ, ಆಕಿ ಕುರ್ಚಿ ಮ್ಯಾಲ ಯಾರ ಕೋಟೂ ನಿಲ್ಲೂದಿಲ್ಲ ನೋಡ್ರಿ. ಅದಕ್ಕ ಅಂಜಿಕಿ ಆಗ್ತದ,” ಎಂದರು. ಅವರ ಬಾಯಲ್ಲಿ ಅಂಜಿಕೆಯ ಮಾತನ್ನು ನಾವು ಕೇಳಿದ್ದು ಅದೊಂದೇ ಸಲ.

ಮಳೆ ಹಿಡಿಯಿತು; ಸೆಕ್ಟರ್ ಫೈವಿನ ರಸ್ತೆಗಳು ಮೊಣಕಾಲುದ್ದ ನೀರಲ್ಲಿ ನಿಂತವು. ದುರ್ಗಾಪೂಜೆಯ ಬೋನಸ್ಸಿನ ಮಾತು ಕಚೇರಿಗಳಲ್ಲಿ ಶುರುವಾದ ವಾರ, ಒಂದು ಬೆಳಿಗ್ಗೆ, ಚಪ್ಪಲಿ ಕೈಯಲ್ಲಿ ಹಿಡಿದು, ಸೀರೆಯ ಅಂಚು ತೊಯ್ಯಿಸಿಕೊಂಡು ಚಿನ್ಮಯಿ ಬಂದಳು. ಬಾಗಿಲಲ್ಲೇ ನಿಂತು, ಬೀರುವಿನ ಮುಂದೆ ನಿಂತಿದ್ದ ರೇಣುಕಾಬಾಯಿಯನ್ನು ನೋಡಿದಳು, ಕೋಟು ತೊಟ್ಟ ಕುರ್ಚಿಯನ್ನು ನೋಡಿದಳು.

“ಆಂಟಿ, ಇಷ್ಟು ದಿನ ಸ್ಟ್ಯಾಂಡಿಂಗಾ? ಒಬ್ಬರೂ ನನಗೆ ಹೇಳ್ಲಿಲ್ಲ…”

“ಆತಲ್ಲ, ಮುಂದ? ಕೂಡು.”

ಅವಳು ಕೂರಲಿಲ್ಲ. ಇಡೀ ಕಚೇರಿಯಲ್ಲಿ ಯಾರೂ ಮುಟ್ಟದ ಆ ಕೋಟನ್ನು ಎತ್ತಿ, ಕೊಡವಿ, ರೇಣುಕಾಬಾಯಿಯ ಹೆಗಲಿಗೆ ಹೊದಿಸಿ, ಮಗುವಿಗೆ ತೊಡಿಸುವ ಹಾಗೆ ಒಂದೊಂದೇ ಕೈಯನ್ನು ತೋಳಿನೊಳಗೆ ಸೇರಿಸಿದಳು. ಅಲ್ಲಿ ಅಷ್ಟೂ ಜನರೆದುರು ನಗುತ್ತಿದ್ದ ರೇಣುಕಾಬಾಯಿ ಮನೆಗೆ ಬಂದು, ಅರವಿಂದರಾಯರ ಮುಂದೆ ಬಿಕ್ಕಿ ಬಿಕ್ಕಿ ಅತ್ತರಂತೆ. ಎಂಬತ್ತರ ದಶಕದ ಅಳು ಆವತ್ತು ಬಂತು ಎಂದು ರಾಯರು ನನಗೆ ಹೇಳಿದರು.

ನಿವೃತ್ತಿಯ ದಿನ ರೇಣುಕಾಬಾಯಿ ಬರಿಗೈಯಲ್ಲಿ ಮನೆಗೆ ಬಂದರು. ತೋಳಿನ ಮೇಲೆ ಕೋಟಿರಲಿಲ್ಲ. ಮೊನ್ನೆ ಚಿನ್ಮಯಿ ಸಿಕ್ಕಾಗ ಕೇಳಿದೆ. ಈಗ ಅದು ಮೂರನೆಯ ಮಹಡಿಯಲ್ಲಿ, ಬಾಣಂತನಕ್ಕೆ ಹೋಗಿರುವ ಪ್ರತೀಕ್ಷಾ ಎಂಬವಳ ಕುರ್ಚಿಯ ಮೇಲಿದೆಯಂತೆ. ರೇಣುಕಾಬಾಯಿಯನ್ನು ಕಣ್ಣಿಂದ ಕಂಡವಳಲ್ಲ ಆ ಹುಡುಗಿ. ಹೊಸಬರು ಯಾರಾದರೂ ಇದು ಯಾರ ಕೋಟು, ಯಾಕಿಲ್ಲಿದೆ ಎಂದು ಕೇಳಿದರೆ, ಸಿಯಾಲ್ದಾ ಲೋಕಲಿನ ಹುಡುಗರು ತಲೆಯೆತ್ತದೆ ಬಂಗಾಳಿಯಲ್ಲಿ ಅಷ್ಟೇ ಹೇಳುತ್ತಾರೆ: ನೀರು ಕುಡಿಯಲು ಇಳಿದಿದ್ದಾರೆ, ಬರುತ್ತಾರೆ.

ಹೆಂಗಸರು ದುಡಿಯಲು ಹೊರಟ ಈ ದೀರ್ಘ ಪ್ರಯಾಣದಲ್ಲಿ ಮೊದಲು ಊರು ಮುಟ್ಟಿದವರ ಹೆಸರುಗಳು ಎಲ್ಲರಿಗೂ ಗೊತ್ತಿರುತ್ತವೆ, ಗೊತ್ತಿರಲೂ ಬೇಕು. ಅವರ ನಡುವೆ ಇಂಥವರೂ ಇರುತ್ತಾರೆ. ತಮ್ಮ ಜಾಗ ಕಳೆದುಕೊಂಡು ಬಹುದೂರ ನಿಂತೇ ಬಂದವರು. ಕೊನೆಗೊಮ್ಮೆ ಜಾಗ ಸಿಕ್ಕಾಗ, ಉಸ್ಸೆಂದು ಕಾಲು ಚಾಚುವ ಬದಲು, ಕಿಟಕಿಯಾಚೆ ಕೂಸನ್ನು ಎತ್ತಿಕೊಂಡು ಓಡಿಬರುತ್ತಿರುವ ಯಾರೋ ಅವರ ಕಣ್ಣಿಗೆ ಬೀಳುತ್ತಾಳೆ. ಮತ್ತೆ ಎದ್ದು ನಿಲ್ಲುತ್ತಾರೆ.