ತೂತಿಗೆ ಹೊದಿಸಿದ ಶಾಲು

ಪಾಂಡುರಂಗರಾಯರಿಗೆ ಸತ್ಕಾರದ ಹುಚ್ಚು. ಚಿತ್ತಾಪುರದಲ್ಲಿ ಯಾರಿಗೆ ಬಡ್ತಿ ಸಿಗಲಿ, ಯಾರ ಮಗ ಪಾಸಾಗಲಿ, ಶಾಲು, ಹಾರ, ತೆಂಗಿನಕಾಯಿ ಹಿಡಿದು ಹಾಜರು. ಆ ಹುಚ್ಚನ್ನು ಇಂಟರ್ನೆಟ್ಟಿಗೂ ತಂದರಲ್ಲ, ನೆನೆದರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ.

೨೦೦೭ರ ಸಂಕ್ರಾಂತಿ ಕಳೆದಿತ್ತು. ‘ನಮ್ಮ ಕಟ್ಟಿ’ ಎಂಬ ವೆಬ್‌ಸೈಟನ್ನು ನಾವು ಮೂವರು ಬಿಟ್ಟಿಯಾಗಿ ನಡೆಸುತ್ತಿದ್ದೆವು. ರಾಯರು ಯಜಮಾನರು. ವಾಡಿಯ ಸರ್ದಾರ ಅದನ್ನು ಕಟ್ಟಿದವನು. ಸೇಡಂ ಶಾಲೆಯ ಟೀಚರ್ ಆದ ನಾನು, ಶುಭಾ, ಹೆಂಗಸರ ವಿಭಾಗ ನೋಡಿಕೊಳ್ಳುತ್ತಿದ್ದೆ. ಊರ ಕಟ್ಟೆಯ ಹಾಗೆ ತೊಗರಿ ರೇಟು, ರೈಲಿನ ಸುದ್ದಿ, ಹರಟೆ, ಜಗಳ ಎಲ್ಲ ಅಲ್ಲಿ. ಒಬ್ಬರಿಗೊಬ್ಬರು ಖಾಸಗಿಯಾಗಿ ಪತ್ರ ಬರೆಯುವುದಕ್ಕೂ ಜಾಗವಿತ್ತು.

ಶಹಾಬಾದಿನ ಕಾಲೇಜು ಹುಡುಗಿ ರಿಹಾನ ಅದರಲ್ಲೊಂದು ತೂತು ಕಂಡುಹಿಡಿದಳು. ಪತ್ರದ ಪುಟದ ವಿಳಾಸದಲ್ಲಿ ಕೊನೆಯ ಅಂಕಿ ಬದಲಿಸಿದರೆ ಸಾಕು, ಬೇರೆಯವರ ಪತ್ರ ತೆರೆಯುತ್ತಿತ್ತು. ಜಾಣೆ, ಗುಟ್ಟಾಗಿ ರಾಯರಿಗೊಬ್ಬರಿಗೇ ತಿಳಿಸಿದಳು. ಈ ಪುಣ್ಯಾತ್ಮರು ಮಾಡಿದ್ದೇನು? ಮುಖಪುಟದಲ್ಲಿ ‘ಕುಮಾರಿ ರಿಹಾನ ಅವರಿಗೆ ಹಾರ್ದಿಕ ಸತ್ಕಾರ’ ಎಂದು ಹೂವಿನ ಚಿತ್ರ ಹಾಕಿ, ತೂತು ಎಲ್ಲಿದೆ, ಅವಳು ಹೇಗೆ ಕಂಡಳು ಎಂದು ಸವಿಸ್ತಾರವಾಗಿ ಬರೆದರು. ಅದನ್ನು ಮುಚ್ಚಬೇಕಾದ ಸರ್ದಾರ ಮದುವೆಗೆಂದು ಹೈದರಾಬಾದಿನಲ್ಲಿದ್ದ. ಅವನ ಫೋನು ಬಂದ್.

ಶನಿವಾರ ಬೆಳಿಗ್ಗೆ ಅದನ್ನು ಓದಿದೆ. ಆ ಪತ್ರಗಳಲ್ಲಿ ನೀಲಾಬಾಯಿಯದೂ ಇತ್ತು. ನನ್ನ ಹಳೇ ವಿದ್ಯಾರ್ಥಿನಿ, ಆಡಕಿಯಲ್ಲಿ ಗಂಡ ಪೀರಪ್ಪನ ಹೊಡೆತ ತಿಂದು ಹಣ್ಣಾಗಿದ್ದಳು. ಸೇಡಂಗೆ ಹೊಲಿಗೆ ಕಲಿಯಲು ಬಂದಾಗ ನೆಟ್ ಸೆಂಟರಿನಿಂದ ನನಗೆ ಬರೆದಿದ್ದಳು: ಸೋಮವಾರ ಮಗಳನ್ನು ಕರೆದುಕೊಂಡು ಶಹಾಬಾದಿನ ಅಕ್ಕನ ಮನೆಗೆ ಹೋಗಿಬಿಡುತ್ತೇನೆ, ಅಲ್ಲಿ ಮುಟ್ಟಿದರೆ ಸಾಕು, ಭಾವ ನೋಡಿಕೊಳ್ಳುತ್ತಾನೆ. ತೊಗರಿ ರೇಟಿಗಾಗಿ ಪೀರಪ್ಪನೂ ನಮ್ಮ ಕಟ್ಟಿಗೆ ಬರುತ್ತಿದ್ದ.

ರಾಯರಿಗೆ ಫೋನು ಹಚ್ಚಿದೆ. “ಮೊದಲ ಆ ಬರಹ ತೆಗೀರಿ!”

“ಯಾಕ್ರೀ ಶುಭಾಬಾಯಿ? ಹೊದಿಸಿದ ಶಾಲು ಕಸಕೊಂಡ್ರ ಮಂದಿ ಏನಂದಾರು?”

“ಮಂದಿ ಸಂಸಾರ ಬೀದಿಗಿ ಬೀಳಾಕತ್ತಾವರಿ! ಕದ ಮುರದದ ಅಂತ ಡಂಗುರ ಹೊಡದೀರಿ, ಕದ ರಿಪೇರಿ ಮಾಡೋರು ಯಾರು?”

“ಮುಚ್ಚಿಡೋದು ತಪ್ಪಲ್ಲೇನ್ರಿ? ಕಟ್ಟಿ ಎಲ್ಲಾರದು.”

“ಹೇಳಬ್ಯಾಡ್ರಿ ಅಂದೆನೇನು? ಮೊದಲ ಸೈಟ್ ಬಂದ್ ಮಾಡ್ರಿ. ಪತ್ರ ಯಾರವು ಅದಾವ ಅವರಿಗಿ ತಿಳಸೋಣ. ಸರ್ದಾರ ಸರಿ ಮಾಡಿದ ಮ್ಯಾಲ ಊರಿಗೆಲ್ಲ ಹೇಳ್ರಿ. ಆ ಹುಡುಗೀನ್ನ ಆನಿ ಮ್ಯಾಲ ಮೆರೆಸ್ರಿ ಬೇಕಾದ್ರ!”

“ವಿಚಾರ ಮಾಡ್ತೀನಿ,” ಎಂದರು. ವಿಚಾರವಂತೆ!

ನೀಲಾಗೆ ಹೇಳುವುದು ಹೇಗೆ? ಮನೆಯ ಮೊಬೈಲು ಪೀರಪ್ಪನ ಜೇಬಿನಲ್ಲಿ. ಪತ್ರ ಬರೆದರೆ ಅದೂ ಅದೇ ತೂತಿನೊಳಗೆ. ಕೊನೆಗೆ ಕುಂಕುಮದ ಭರಣಿ ಹಿಡಿದು ಆಡಕಿ ಬಸ್ಸು ಹತ್ತಿದೆ. ಸಂಕ್ರಾಂತಿಯಿಂದ ರಥಸಪ್ತಮಿಯವರೆಗೆ ಅರಿಶಿಣ-ಕುಂಕುಮಕ್ಕೆ ಕರೆಯಲು ಬಂದವಳನ್ನು ಯಾವ ಮನೆಯವರೂ ತಡೆಯುವುದಿಲ್ಲ.

ಬಾಗಿಲಲ್ಲೇ ಪೀರಪ್ಪ. “ಬರ್ರಿ ಟೀಚರ್, ಕುಂದ್ರಿ. ರಾಯರು ಏನೋ ಭಾರಿ ಬರದಾರಂತಲ್ಲ, ಗೆಳ್ಯಾ ಹೇಳ್ದ. ಸಂಜೀಕ ಸೇಡಂಕ್ಕ ಹೋಗಿ ನಾನೂ ಒಂದೀಟು ನೋಡ್ತೀನಿ.”

“ನೀಲಾನ್ನ ಕುಂಕುಮಕ್ಕ ಕರಕೊಂಡು ಹೋಗಾಕ ಬಂದೀನಿ. ಕೂಸೂ ಬರಲಿ,” ಎಂದೆ.

“ಹೋಗ್ಲಿ ಬಿಡ್ರಿ. ಲಗೂನ ಕಳಸ್ರಿ.”

ಅಡುಗೆಮನೆಯ ಬಾಗಿಲಲ್ಲಿ ಅವಳ ಹಣೆಗೆ ಕುಂಕುಮ ಹಚ್ಚುತ್ತಾ, “ಸೋಮವಾರ ಅಲ್ಲ, ಇವತ್ತ,” ಎಂದು ಪಿಸುಗುಟ್ಟಿದೆ. ಅವಳು ನನ್ನ ಮುಖ ನೋಡಿ, ಒಳಗೆ ಹೋಗಿ ಸೀರೆ ಬದಲಿಸಿ ಬಂದಳು. ಒಂದು ಚೀಲವನ್ನೂ ಹಿಡಿಯುವ ಹಾಗಿರಲಿಲ್ಲ. ಪೀರಪ್ಪನೇ ಬಸ್ಸಿಗೆ ಕೈ ಮಾಡಿ ನಿಲ್ಲಿಸಿ ನಮ್ಮನ್ನು ಹತ್ತಿಸಿದ.

“ಕುಂಕುಮ ಯಾರ ಮನ್ಯಾಗ?” ಎಂದಿತು ಕೂಸು.

“ದೊಡ್ಡವ್ವನ ಮನ್ಯಾಗ,” ಎಂದಳು ನೀಲಾ.

ಸೇಡಂನಲ್ಲಿ ಅವರಿಬ್ಬರನ್ನು ರೈಲು ಹತ್ತಿಸಿ ಮನೆಗೆ ಬಂದು ಅಂಗಳದಲ್ಲಿ ಶತಪಥ ಹಾಕಿದೆ. ಹೊತ್ತು ಮುಳುಗುವಾಗ ರಾಯರ ಫೋನು. “ಬರಹ ತೆಗದು ಸೈಟ್ ಬಂದ್ ಮಾಡೀನ್ರಿ ಬಾಯಿ. ಯಾರಿಗೂ ಏನೂ ಆಗಿಲ್ಲಲ್ಲ?”

ಫೋನು ಕಟ್ ಮಾಡಿದೆ. ಕೂಡಲೇ ಮತ್ತೆ ಹೊಡೆದುಕೊಂಡಿತು. ಪೀರಪ್ಪ.

“ಟೀಚರ್, ಸೈಟ್ ಬಂದ್ ಆಗೂಕಿಂತ ಮೊದಲ ಆಕಿ ನಿಮಗ ಬರದದ್ದು ಓದೀನಿ. ಸೋಮವಾರ ಹೋಗ್ತಾಳಂತ? ಹೋಗಲಿ, ನಾನೂ ನೋಡ್ತೀನಿ. ಈಗ ಸುಮ್ನ ಮನಿಗಿ ಕಳಸ್ರಿ.”

ಆ ಹೊತ್ತಿಗೆ ರೈಲು ವಾಡಿ ದಾಟಿರಬೇಕು, ಶಹಾಬಾದು ಇನ್ನೂ ಮುಟ್ಟಿರಲಿಕ್ಕಿಲ್ಲ. ಖಾಲಿ ಅಂಗಳದಲ್ಲಿ ನಿಂತು ದನಿ ಗಟ್ಟಿ ಮಾಡಿಕೊಂಡೆ.

“ಇನ್ನೂ ಆರತಿ ನಡದದರಿ,” ಎಂದೆ. “ಒಂದೀಟು ತಡೀರಿ.”