ಹತ್ತನೆಯ ಹೆಸರು

ರೆನೆಟಾ ಸ್ಕ್ಯಾಗ್ಸ್ ಮನೆಯ ಫ್ರಿಜ್ಜಿನ ಬಾಗಿಲಿಗೆ ಆ ಬೇಸಿಗೆಯಿಡೀ ಒಂದು ಹಾಳೆ ಅಂಟಿಕೊಂಡಿತ್ತು. ಕಾಲೇಜಿನವರು ಆಡುವ ಮಾತುಗಳನ್ನು ಅವಳು ತನಗೆ ತಿಳಿಯುವ ಹಾಗೆ ಅದರ ಮೇಲೆ ಬರೆದುಕೊಂಡಿದ್ದಳು. ‘ಗ್ರಾಂಟ್: ಸರ್ಕಾರ ಕೊಡುತ್ತೆ, ವಾಪಸ್ ಕೇಳಲ್ಲ. ಲೋನ್: ಕೊಡುತ್ತೆ, ಕೇಳದೆ ಬಿಡಲ್ಲ. ಕ್ರೆಡಿಟ್: ಪಾಠದ ಅಳತೆ, ಒಂದು ಪಾಠಕ್ಕೆ ಮೂರು. ಹನ್ನೆರಡು ಕ್ರೆಡಿಟ್‌ಗೆ ಹೆಸರು ಹಚ್ಚಿದರೆ ಪೂರ್ತಿ ಗ್ರಾಂಟ್. ಒಂಬತ್ತಕ್ಕಿಳಿದರೆ ಮುಕ್ಕಾಲು.’ ಹನ್ನೆರಡು ವರ್ಷ ಶಾಲೆಯ ಅಡುಗೆಮನೆಯಲ್ಲಿ ಮುನ್ನೂರು ಮಕ್ಕಳಿಗೆ ಬಡಿಸಿದ ಕೈ ಅದು, ಅಳತೆಯ ಮಾತು ಬೇಗ ತಲೆಗೆ ಹತ್ತಿತು. ಅರ್ಜಿ ತುಂಬುವಾಗ ಮಾತ್ರ ಮೂರು ಸಲ ಅತ್ತಳು. ಪೂರ್ತಿ ಗ್ರಾಂಟ್ ಸಿಕ್ಕಿದೆಯೆಂದು ಪತ್ರ ಬಂದ ದಿನ ನೆಲ ಒರೆಸುವ ಕೋಲನ್ನೇ ಹಿಡಿದುಕೊಂಡು ಕುಣಿದಳು. ನಲವತ್ತೊಂದನೆಯ ವಯಸ್ಸಿನಲ್ಲಿ ನರ್ಸ್ ಆಗಲು ಹೊರಟವಳು ಅಷ್ಟಾದರೂ ಕುಣಿಯಬೇಡವೆ?

ತರಗತಿ ಶುರುವಾಗಲು ಆರು ದಿನವಿದ್ದಾಗ, ಮಂಗಳವಾರ, ಕಾಲೇಜಿನ ಕಚೇರಿಯ ವೆಸ್ಟಾ ಫೋನು ಮಾಡಿದಳು. ಬ್ರಯರ್ ಫೋರ್ಕ್ ಎಂಬ ಆ ಪುಟ್ಟ ಊರಿನಲ್ಲಿ ಕಾಲೇಜೆಂದರೆ ಹಳೆಯ ಸೋಫಾ ಅಂಗಡಿಯಲ್ಲಿ ನಡೆಯುವ ನಾಲ್ಕು ಕೋಣೆಯ ಶಾಖೆ. ಅದರ ಕಚೇರಿಯೆಂದರೆ ವೆಸ್ಟಾ ಒಬ್ಬಳೇ.

“ರೆನೆಟಾ, ವೈದ್ಯಕೀಯ ಪದಗಳ ಕ್ಲಾಸು ನಡೆಯೋದು ಅನುಮಾನ ಕಣೆ. ಹತ್ತು ಜನ ಇರ್ಬೇಕು, ಒಂಬತ್ತೇ ಇದೀರಿ. ಶುಕ್ರವಾರ ಐದು ಗಂಟೆಗೆ ಮೇನ್ ಕಾಲೇಜ್‌ನೋರು ಪಟ್ಟಿ ನೋಡ್ತಾರೆ. ಆಗ್ಲಿಲ್ಲ ಅಂದ್ರೆ ರದ್ದು.”

ರದ್ದಾದರೆ ಮೂರು ಕ್ರೆಡಿಟ್ ಹೋಯಿತು, ಗ್ರಾಂಟ್ ಮುಕ್ಕಾಲಿಗಿಳಿಯಿತು. ಅದಕ್ಕಿಂತ ಹೆಚ್ಚಾಗಿ, ಆ ಪಾಠವಿಲ್ಲದೆ ವಸಂತದಲ್ಲಿ ನರ್ಸಿಂಗ್‌ಗೆ ಅರ್ಜಿ ಹಾಕುವಂತಿಲ್ಲ. ಇನ್ನೊಂದು ವರ್ಷ ಕಾಯಬೇಕು. ಇನ್ನೊಂದು ವರ್ಷ ಕಾದರೆ ತಾನು ಹೋಗುವವಳಲ್ಲ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಇದ್ದ ಧೈರ್ಯವೆಲ್ಲ ಒಂದೇ ಸಲಕ್ಕೆ ಆಗುವಷ್ಟಿತ್ತು.

ಬುಧವಾರ ಸಂಜೆ ಚರ್ಚಿನ ಊಟದಲ್ಲಿ ತಟ್ಟೆ ಹಿಡಿದು, ಹತ್ತನೆಯವರನ್ನು ಹುಡುಕುತ್ತ ಮೇಜಿಂದ ಮೇಜಿಗೆ ಅಲೆದಳು. ಕ್ಷೌರದಂಗಡಿಯ ಹೆಂಗಸು “ನಂಗ್ ತಲೆ ಮೇಲಿನ್ ಕೂದ್ಲಿಂದು ಗೊತ್ತು, ತಲೆ ಒಳಗಿಂದು ಬೇಡ” ಎಂದಳು. ಪಾದ್ರಿ ಪ್ರಾರ್ಥನೆ ಮಾಡುತ್ತೇನೆಂದು ಹೇಳಿ ಕಡುಬಿನ ಕಡೆಗೆ ಜಾರಿದರು. ಪ್ರಾರ್ಥನೆಗೆ ಕ್ರೆಡಿಟ್ ಇಲ್ಲವಲ್ಲ!

ಗುರುವಾರ ಬೆಳಿಗ್ಗೆ ಅವಳು ಸೋತ ಮುಖ ಹೊತ್ತು ಕಾಫಿ ಕುಡಿಯುತ್ತಿದ್ದಾಗ, ಪಕ್ಕದ ಮನೆಯ ಜಗುಲಿಯಿಂದ ಅತ್ತೆ ಒಲೀಟಾಳ ದನಿ ಕೇಳಿತು. ಎಪ್ಪತ್ತೊಂದರ ಒಲೀಟಾ ಫೋನಿನಲ್ಲಿ ಯಾರಿಗೋ ಗದರುತ್ತಿದ್ದಳು. “ಅದು ಪಿತ್ತಕೋಶದ್ದಲ್ಲ ಕಣೆ, ಪ್ಯಾಂಕ್ರಿಯಾಟೈಟಿಸ್ಸು! ನೋವು ಬೆನ್ನಿಗ್ ಹೋಗತ್ತೆ ಅಂದ್ಲೋ ಇಲ್ವೋ?” ಇಡೀ ಕಣಿವೆಯಲ್ಲಿ ಯಾರ ಹೊಟ್ಟೆಯೊಳಗೆ ಏನಿದೆಯೆಂಬುದು ಡಾಕ್ಟರಿಗಿಂತ ಮೊದಲು ಒಲೀಟಾಳಿಗೆ ತಿಳಿಯುತ್ತಿತ್ತು. ರೆನೆಟಾ ಕಾಫಿ ಅಲ್ಲೇ ಬಿಟ್ಟು ಓಡಿದಳು.

“ಅತ್ತೆ, ನನ್ ಜೊತೆ ಕಾಲೇಜಿಗ್ ಬನ್ನಿ.”

“ಯಾಕೆ, ಕಾರು ಕೆಟ್ಟಿದ್ಯಾ?”

“ಓದಕ್ಕೆ! ಅರವತ್ತೈದು ದಾಟಿದೋರಿಗೆ ಫೀಸಿಲ್ಲ.”

“ದಾನ ಗೀನ ನಂಗ್ ಬೇಡ.”

“ದಾನ ಅಲ್ಲ, ವಯಸ್ಸಿನ್ ಮರ್ಯಾದೆ. ಬಸ್ಸಲ್ಲಿ ಸೀಟ್ ಬಿಟ್ಕೊಡ್ತಾರಲ್ಲ, ಹಂಗೆ.”

ಒಲೀಟಾ ಫೋನನ್ನು ಪಕ್ಕಕ್ಕಿಟ್ಟಳು. “ಪರೀಕ್ಷೆ ಇರತ್ತಾ?”

ಇರುತ್ತೆ ಅಂದರೆ ಮುದುಕಿ ಕೈಬಿಟ್ಟು ಹೋಗುವುದು ಖಂಡಿತ. “ಅಲ್ಲೇ ಕೇಳೋಣ ಬನ್ನಿ” ಎಂದು ರೆನೆಟಾ ಅವಳನ್ನು ಕಚೇರಿಗೆ ಕರೆದೊಯ್ದು, ಅರ್ಜಿಯನ್ನು ಎಂದಿನಂತೆ ತಾನೇ ತುಂಬಿದಳು. ಹತ್ತೊಂಬತ್ತು ವರ್ಷದಿಂದ ಆಸ್ಪತ್ರೆಯದ್ದು, ವಿಮೆಯದ್ದು, ಯಾವ ಹಾಳೆ ಬಂದರೂ ಒಲೀಟಾ “ಕನ್ನಡಕ ಇಲ್ಲ, ನೀನೇ ತುಂಬು” ಎಂದು ಮುಂದೆ ಎಸೆಯುತ್ತಿದ್ದಳು. ಕನ್ನಡಕ ಅವಳ ಎದೆಯ ಮೇಲೇ ಸರದಲ್ಲಿ ತೂಗುತ್ತಿರುತ್ತಿತ್ತು. ಅತ್ತೆಯ ದರ್ಬಾರು ಅಂದುಕೊಂಡು ರೆನೆಟಾ ಹಲ್ಲು ಕಚ್ಚಿಕೊಂಡು ಬರೆಯುತ್ತಿದ್ದಳು. ಈ ಸಲ ‘ಕೇಳುಗರು ಮಾತ್ರ: ಪರೀಕ್ಷೆಯಿಲ್ಲ, ಅಂಕವಿಲ್ಲ’ ಎಂಬ ಚೌಕ ಕಂಡು ಖುಷಿಯಿಂದ ಅದಕ್ಕೇ ಗುರುತು ಹಾಕಿದಳು.

ಶುಕ್ರವಾರ ಮೂರು ಗಂಟೆಗೆ ವೆಸ್ಟಾ ಮತ್ತೆ ಫೋನು ಮಾಡಿದಳು. “ಪಟ್ಟೀಲಿ ಇನ್ನೂ ಒಂಬತ್ತೇ ತೋರಿಸ್ತಿದೆ ರೆನೆಟಾ. ಸುಮ್ನೆ ಕೇಳೋರು ಲೆಕ್ಕಕ್ಕಿಲ್ವಂತೆ. ಪರೀಕ್ಷೆ ಬರೆಯೋ ಹತ್ತು ಜನ ಬೇಕಂತೆ. ನಂಗೂ ಈಗ್ಲೇ ಗೊತ್ತಾಗಿದ್ದು.”

ಒಲೀಟಾ ಜಗುಲಿಯಲ್ಲಿ ಕೂತು ಮಡಿಲ ತುಂಬ ಹುರುಳಿಕಾಯಿ ಹಾಕಿಕೊಂಡು ನಾರು ತೆಗೆಯುತ್ತಿದ್ದಳು. ಸೊಸೆ ಹೇಳಿದ್ದನ್ನು ಕೇಳಿ ಅವಳ ಕೈ ನಿಂತಿತು.

“ನಮ್ ಹೈಸ್ಕೂಲ್ ಮೇಷ್ಟ್ರೊಬ್ಬ ಇದ್ದ” ಎಂದಳು. “ಪರೀಕ್ಷೆ ಆದ್ಮೇಲೆ ಅಂಕ ಎಲ್ಲಾ ಜೋರಾಗಿ ಓದೋನು, ಕಡಿಮೆ ಬಂದೋರಿಂದ ಶುರು. ಆ ವರ್ಷ ಮೊದಲ್ನೇ ಹೆಸರು ನಂದು. ಒಲೀಟಾ, ಹನ್ನೊಂದು ಅಂದ. ಇಡೀ ಕ್ಲಾಸು ನಕ್ತು. ಅವತ್ತಿಂದ ನಾನು ಬರ್ದಿದ್ದನ್ನ ಯಾರಿಗೂ ನೋಡಕ್ಕೆ ಬಿಟ್ಟಿಲ್ಲ. ನಿನ್ನ ಗಂಡಂಗೂ ಗೊತ್ತಿಲ್ಲ.”

ರೆನೆಟಾಳಿಗೆ ಆ ಹತ್ತೊಂಬತ್ತು ವರ್ಷದ ಹಾಳೆಗಳೆಲ್ಲ ಒಮ್ಮೆಲೇ ನೆನಪಾದವು. ನಾಚಿಕೆಯಾಯಿತು, ಅತ್ತೆಯ ಮೇಲೆ ಎಂದೂ ಬರದಷ್ಟು ಪ್ರೀತಿ ಉಕ್ಕಿತು. ಪಕ್ಕದಲ್ಲಿ ಕೂತು ತಾನೂ ಒಂದು ಹಿಡಿ ಕಾಯಿ ಎತ್ತಿಕೊಂಡಳು.

“ಬೇಡ ಬಿಡಿ ಅತ್ತೆ. ನಿಮ್ಗಿಂತ ದೊಡ್ಡದಲ್ಲ ಅದು. ಮುಂದಿನ್ ವರ್ಷ ನೋಡ್ಕೊಂಡ್ರಾಯ್ತು.” ಮನಸಾರೆ ಹೇಳಿದಳು. ಮುಂದಿನ ವರ್ಷ ಎಂಬುದೊಂದೇ ಸುಳ್ಳು.

ಒಲೀಟಾ ಹತ್ತಿಪ್ಪತ್ತು ಕಾಯಿಯ ನಾರು ತೆಗೆದಳು. ಆಮೇಲೆ ಎದ್ದುನಿಂತಳು. ಮಡಿಲಲ್ಲಿದ್ದುದೆಲ್ಲ ಜಗುಲಿಯ ತುಂಬ ಚೆಲ್ಲಾಡಿತು.

“ಮುಂದಿನ್ ವರ್ಷ ಅಂದೋಳು ಯಾವತ್ತಾದ್ರೂ ಹೋಗಿದ್ದುಂಟಾ? ನಂಗ್ ಗೊತ್ತಿಲ್ವಾ! ಕಾರ್ ತೆಗಿ.”

ಕಚೇರಿ ಮುಟ್ಟಿದಾಗ ಐದಕ್ಕೆ ಹನ್ನೆರಡು ನಿಮಿಷವಿತ್ತು. ವೆಸ್ಟಾ ಕೊಟ್ಟ ಹಾಳೆಗೆ ರೆನೆಟಾ ಅಭ್ಯಾಸಬಲದಿಂದ ಕೈ ಚಾಚಿದಳು. ಒಲೀಟಾ ಅವಳ ಕೈಗೊಂದು ಏಟು ಹಾಕಿ, ಕನ್ನಡಕ ಏರಿಸಿ, ತಾನೇ ಬರೆಯತೊಡಗಿದಳು. ಒಂದೊಂದು ಅಕ್ಷರಕ್ಕೂ ಒಂದೊಂದು ಉಸಿರು. ವೆಸ್ಟಾ ಗಡಿಯಾರ ನೋಡಿದಳು, ರೆನೆಟಾ ಸೂರು ನೋಡಿದಳು. ಐದಕ್ಕೆ ಎರಡು ನಿಮಿಷವಿದ್ದಾಗ ಪಟ್ಟಿಯಲ್ಲಿ ಹತ್ತನೆಯ ಹೆಸರು ಮೂಡಿತು. ವೆಸ್ಟಾ ಕುರ್ಚಿಯಿಂದ ಜಿಗಿದು ಮೊಣಕಾಲು ಬಡಿಸಿಕೊಂಡಳು.

“ಐಸ್ ಇಡು, ಬಾತ್ಕೊಳ್ಳತ್ತೆ” ಎಂದಳು ಒಲೀಟಾ.

ಮೊದಲ ಪರೀಕ್ಷೆ ಮೂರನೆಯ ವಾರ ನಡೆಯಿತು. ಟೀಚರು ಉತ್ತರ ಪತ್ರಿಕೆಗಳನ್ನು ಮಡಚಿ, ಸದ್ದಿಲ್ಲದೆ ಒಬ್ಬೊಬ್ಬರ ಕೈಗಿತ್ತಳು. ಒಲೀಟಾ ತನ್ನದನ್ನು ಬಿಚ್ಚದೆ ಕೈಚೀಲಕ್ಕೆ ತುರುಕಿ ಕಾರಿನ ಕಡೆ ನಡೆದಳು. ಒಳಗೆ ಕೂತ ಮೇಲೆ ಅದನ್ನು ತೆಗೆದು ಸೊಸೆಗೆ ಕೊಟ್ಟಳು.

“ನೀನ್ ನೋಡು. ಕಡಿಮೆ ಇದ್ರೆ ಏನೂ ಅನ್ಬೇಡ, ಸುಮ್ನೆ ಗಾಡಿ ಓಡ್ಸು.”

ರೆನೆಟಾ ಬಿಚ್ಚಿದಳು. ಎರಡು ಸಲ ನೋಡಿದಳು. ತನ್ನ ಎಂಬತ್ತೆಂಟರ ಮೇಲಿದ್ದ ಹೆಮ್ಮೆ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ.

“ತೊಂಬತ್ತಾರು ಅತ್ತೆ! ಕ್ಲಾಸಿಗೇ ನೀವು ಫಸ್ಟು ಅಂತ ಕೆಳಗ್ ಬರ್ದಿದಾರೆ!”

ಒಲೀಟಾ ಮುಂದಿನ ಗಾಜನ್ನೇ ನೋಡುತ್ತ ಕೂತಳು. ಕಣ್ಣು ತುಂಬಿ ಬಂದರೂ ಒರೆಸಿಕೊಳ್ಳಲಿಲ್ಲ. ಹೊರಗೆ ಉಳಿದ ಎಂಟು ಜನ ತಮ್ಮ ತಮ್ಮ ಗಾಡಿಗಳ ಬೀಗದ ಕೈ ಹುಡುಕುತ್ತಿದ್ದರು.

“ಕಿಟಕಿ ಇಳ್ಸು” ಎಂದಳು.

“ಸೆಕೆನಾ?”

“ಕಿಟಕಿ ಇಳ್ಸಿ ಇನ್ನೊಂದ್ಸಲ ಓದೇ. ಜೋರಾಗ್ ಓದು. ಹೆಸರು ಸೇರ್ಸಿ.”